ಹಾಡು ಕಟ್ಟುವ ಕೈಗಳು: ಹಿಪ್‌ಹಾಪ್ ಸಿನಿಮಾ ನೋಡುವ ಒಂದು ಬಗೆ

ಈಗ ಪರದೆ ಮೇಲೆ ನೋಡಿದ ತುಣುಕಿನಿಂದಲೇ ಶುರು ಮಾಡುತ್ತೇನೆ. ಒಂದು ಸಾಧಾರಣ ಅಡುಗೆಮನೆ. ಅಲ್ಲಿ ಎರಡು ಟರ್ನ್‌ಟೇಬಲ್, ಅಂದರೆ ರೆಕಾರ್ಡ್ ತಿರುಗಿಸುವ ಯಂತ್ರ. ಒಬ್ಬ ಯುವಕ ನಿಂತುಕೊಂಡು ರೆಕಾರ್ಡನ್ನು ಬೆರಳಿನಿಂದ ಹಿಂದಕ್ಕೆ ಎಳೆಯುತ್ತಾನೆ, ಬಿಡುತ್ತಾನೆ, ಮತ್ತೆ ಎಳೆಯುತ್ತಾನೆ. ಇನ್ನೊಂದು ಕೈ ಎರಡರ ಸದ್ದನ್ನೂ ಬೆರೆಸುವ ಮಿಕ್ಸರ್ ಮೇಲೆ. ಮಾತಿಲ್ಲ. ಕಥೆಯೂ ಮುಂದೆ ಹೋಗುವುದಿಲ್ಲ. ಕ್ಯಾಮೆರಾ ಸುಮ್ನೆ ಆ ಕೈಗಳನ್ನು ನೋಡುತ್ತಾ ನಿಂತಿದೆ. ಆ ಯುವಕ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹಿಪ್‌ಹಾಪ್ ಹುಟ್ಟಿದಾಗ ಅದನ್ನು ಕೈ ಹಿಡಿದು ನಡೆಸಿದ ಡಿಜೆಗಳಲ್ಲಿ ಒಬ್ಬರು. ಸಿನಿಮಾ 'ವೈಲ್ಡ್ ಸ್ಟೈಲ್'. ನಿರ್ದೇಶಕ ಚಾರ್ಲಿ ಅಹರ್ನ್. ಅಮೆರಿಕದಲ್ಲಿ ಬಿಡುಗಡೆಯಾಗಿದ್ದು 1983ರಲ್ಲಿ.

ನಾವು ಕನ್ನಡದಲ್ಲಿ 'ಹಾಡು ಕಟ್ಟುವುದು' ಅನ್ನುತ್ತೇವೆ. ಮನೆ ಕಟ್ಟಿದ ಹಾಗೆ, ಹೂವು ಕಟ್ಟಿದ ಹಾಗೆ ಹಾಡನ್ನೂ ಕಟ್ಟುತ್ತೇವೆ. ಅದು ಕೈಕೆಲಸ ಅನ್ನುವುದು ಆ ಪದದಲ್ಲೇ ಇದೆ. ಹಿಪ್‌ಹಾಪ್ ಬಗ್ಗೆ ಬಂದ ಸಿನಿಮಾಗಳನ್ನು ನೋಡುವಾಗ ನಾನು ಹುಡುಕುವುದು ಇದನ್ನೇ. ಹಾಡಿ ಗೆಲ್ಲುವುದನ್ನು ಎಲ್ಲ ಸಿನಿಮಾಗಳೂ ತೋರಿಸುತ್ತವೆ. ಹಾಡು ಕಟ್ಟುವುದನ್ನು ಎಷ್ಟು ಸಿನಿಮಾ ನಿಂತು ನೋಡುತ್ತವೆ? ಇವತ್ತಿನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ.

ಹಿಪ್‌ಹಾಪ್ ಅಂದರೆ ರ‍್ಯಾಪ್ ಹಾಡು ಮಾತ್ರ ಅಂದುಕೊಂಡವರು ಇಲ್ಲಿ ಇರಬಹುದು. ಅವರಿಗಾಗಿ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. 1973ರ ಆಗಸ್ಟ್ 11. ಬ್ರಾಂಕ್ಸ್‌ನ ಸೆಡ್ಜ್‌ವಿಕ್ ಅವೆನ್ಯೂದ 1520ನೇ ನಂಬರಿನ ಕಟ್ಟಡ. ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿಗೆ ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆ ಬೇಕಿತ್ತು. ದುಡ್ಡು ಹೊಂದಿಸಲು ಕಟ್ಟಡದ ಹಾಲ್‌ನಲ್ಲಿ ಒಂದು ಪಾರ್ಟಿ ಇಟ್ಟಳು. ಹಾಡು ಹಾಕುವ ಕೆಲಸ ಅಣ್ಣನದು. ಜಮೈಕಾದಿಂದ ಬಂದಿದ್ದ ಆ ಅಣ್ಣನೇ ಡಿಜೆ ಕೂಲ್ ಹರ್ಕ್. ಹಾಡಿನಲ್ಲಿ ಗಾಯನ ನಿಂತು ಬರೀ ತಾಳ ಕೇಳಿಸುವ ಜಾಗ ಬಂದಾಗ ಜನ ಹುಚ್ಚೆದ್ದು ಕುಣಿಯುತ್ತಾರೆ ಅಂತ ಅವರು ಗಮನಿಸಿದ್ದರು. ಆ ಜಾಗಕ್ಕೆ 'ಬ್ರೇಕ್' ಅಂತ ಹೆಸರು. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದರಲ್ಲಿ ಬ್ರೇಕ್ ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ಅದನ್ನೇ ಶುರು ಮಾಡುವುದು. ಹೀಗೆ ಕೆಲವೇ ಸೆಕೆಂಡಿನ ತಾಳವನ್ನು ಬೇಕಾದಷ್ಟು ಹೊತ್ತು ಎಳೆಯಬಹುದು. ಆ ಬ್ರೇಕಿಗೆ ಕುಣಿದವರು ಬ್ರೇಕ್ ಡ್ಯಾನ್ಸರ್‌ಗಳಾದರು. ಮೈಕ್ ಹಿಡಿದು ಜನರನ್ನು ಹುರಿದುಂಬಿಸಿದವರು ಎಂಸಿಗಳಾದರು. ಗೋಡೆ ಮತ್ತು ರೈಲುಗಳ ಮೇಲೆ ಬಣ್ಣದ ಸ್ಪ್ರೇ ಹಿಡಿದವರು ಗ್ರಾಫಿಟಿ ಕಲಾವಿದರು. ಡಿಜೆ, ಎಂಸಿ, ಬ್ರೇಕ್, ಗ್ರಾಫಿಟಿ ಎಲ್ಲ ಸೇರಿ ಹಿಪ್‌ಹಾಪ್.

ಈ ನಾಲ್ಕನ್ನೂ ಒಂದೇ ಸಿನಿಮಾದಲ್ಲಿ ತರಬೇಕು ಅನ್ನುವ ಯೋಚನೆ ಫ್ಯಾಬ್ ಫೈವ್ ಫ್ರೆಡ್ಡಿ ಎಂಬ ಕಲಾವಿದರದು. 1980ರಲ್ಲಿ ಅವರು ಅಹರ್ನ್ ಬಳಿ ಹೋಗಿ ಮಾತಾಡಿದರು. ಬ್ರಿಟನ್ ಮತ್ತು ಜರ್ಮನಿಯ ಟೀವಿ ವಾಹಿನಿಗಳಿಂದ ಒಂದಷ್ಟು ದುಡ್ಡು ಬಂತು. ನಟರನ್ನು ಹುಡುಕುವ ಗೋಜಿಗೆ ಅವರು ಹೆಚ್ಚು ಹೋಗಲಿಲ್ಲ. ನಾಯಕ ಜೋರೋ ಗುಟ್ಟಾಗಿ ರೈಲಿಗೆ ಬಣ್ಣ ಬಳಿಯುವ ಹುಡುಗ. ಆ ಪಾತ್ರ ಮಾಡಿದ ಲೀ ಕಿನ್ಯೋನೆಸ್ ನಿಜವಾಗಿಯೂ ರೈಲಿಗೆ ಬಣ್ಣ ಬಳಿಯುತ್ತಿದ್ದವರು. ನಾಯಕಿ ಲೇಡಿ ಪಿಂಕ್ ಕೂಡ ಹಾಗೆಯೇ. ಗಂಡಸರೇ ತುಂಬಿದ್ದ ಗ್ರಾಫಿಟಿ ಲೋಕದಲ್ಲಿ ಹೆಸರು ಮಾಡಿದ ಹುಡುಗಿ. ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಎರಡು ರ‍್ಯಾಪ್ ತಂಡಗಳು ಎದುರುಬದುರಾಗುವ ದೃಶ್ಯ ಇದೆಯಲ್ಲ, ಆ ಕೋಲ್ಡ್ ಕ್ರಷ್ ಬ್ರದರ್ಸ್ ಮತ್ತು ಫೆಂಟಾಸ್ಟಿಕ್ ಫೈವ್ ಬ್ರಾಂಕ್ಸ್‌ನಲ್ಲಿ ನಿಜಕ್ಕೂ ಎದುರಾಳಿಗಳು.

ಕಥೆ ತೀರಾ ತೆಳು. ನಟನೆ ಅಲ್ಲಲ್ಲಿ ಸಹಜವಾಗಿಲ್ಲ. ಆದರೂ ನನಗೆ ಈ ಸಿನಿಮಾ ಉಳಿದೆಲ್ಲಕ್ಕಿಂತ ಹತ್ತಿರ. ಕೊನೆಗೆ ಜೋರೋಗೆ ಈಸ್ಟ್ ರಿವರ್ ಪಾರ್ಕಿನ ಹಾಳುಬಿದ್ದ ಬಯಲು ರಂಗಮಂದಿರಕ್ಕೆ ಚಿತ್ರ ಬರೆಯುವ ಕೆಲಸ ಸಿಗುತ್ತದೆ. ಏನು ಬರೆಯಬೇಕು ಅಂತ ತಿಳಿಯದೆ ಅವನು ಒದ್ದಾಡುತ್ತಾನೆ. ತನ್ನ ಒಂಟಿತನವನ್ನೇ ಬರೆಯಲು ಹೊರಡುತ್ತಾನೆ. ಆಗ ನಾಯಕಿ, ಇಲ್ಲಿ ನಿಂತು ಹಾಡುವವರು ರ‍್ಯಾಪರ್‌ಗಳು, ಈ ವೇದಿಕೆ ಅವರದು ಅಂತ ಅವನ ಕಣ್ಣು ತೆರೆಸುತ್ತಾಳೆ. ಒಬ್ಬನ ಕಲೆ ಇನ್ನೊಬ್ಬರಿಗೆ ಹಿನ್ನೆಲೆಯಾಗಿ ನಿಲ್ಲುವ ಆ ಘಳಿಗೆಯನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ.

ಮುಂದಿನ ವರ್ಷ, 1984ರಲ್ಲಿ, ದೊಡ್ಡ ದುಡ್ಡು ಬಂತು. ಲಾಸ್ ಏಂಜಲಿಸ್‌ನ ಬೀದಿ ಡ್ಯಾನ್ಸರ್‌ಗಳ 'ಬ್ರೇಕಿನ್' ಸುಮಾರು 12 ಲಕ್ಷ ಡಾಲರಿನಲ್ಲಿ ತಯಾರಾಗಿ 3 ಕೋಟಿ 80 ಲಕ್ಷ ಡಾಲರಿನಷ್ಟು ಗಳಿಸಿತು. ಅದೇ ವರ್ಷ ಎರಡನೇ ಭಾಗವೂ ಬಂತು. ಕಥೆ ನೀವು ನೂರು ಸಲ ನೋಡಿದ್ದೇ. ಆದರೆ ಒಂದು ದೃಶ್ಯಕ್ಕಾಗಿ ಅದನ್ನು ನೋಡಬೇಕು. ಅಂಗಡಿ ಮುಂದೆ ಕಸ ಗುಡಿಸುವ ಹುಡುಗ ಪೊರಕೆ ಹಿಡಿದು ಒಬ್ಬನೇ ಕುಣಿಯುತ್ತಾನೆ. ಬೂಗಲೂ ಶ್ರಿಂಪ್ ಅಂತ ಹೆಸರಾದ ಮೈಕೆಲ್ ಚೇಂಬರ್ಸ್. ಮೈಯಲ್ಲಿ ಎಲುಬೇ ಇಲ್ಲವೇನೋ ಅನ್ನಿಸುತ್ತದೆ. ಗುಡಿಸುವ ಕೆಲಸವೇ ಕುಣಿತವಾಗಿ ತಿರುಗುವುದನ್ನು ನೀವು ಕಣ್ಣಾರೆ ನೋಡುತ್ತೀರಿ.

ಅದೇ ವರ್ಷದ ಇನ್ನೊಂದು ಸಿನಿಮಾ 'ಬೀಟ್ ಸ್ಟ್ರೀಟ್'. ನಿರ್ಮಾಪಕರಲ್ಲಿ ಒಬ್ಬರು ಗಾಯಕ ಹ್ಯಾರಿ ಬೆಲಾಫಾಂಟೆ. ಈ ಚಿತ್ರದ ಕಥೆಗಿಂತ ಅದು ಮಾಡಿದ ಪಯಣದ ಕಥೆ ದೊಡ್ಡದು. 1985ರಲ್ಲಿ ಪೂರ್ವ ಜರ್ಮನಿಯ ಸರ್ಕಾರ ಇದನ್ನು ತನ್ನ ಚಿತ್ರಮಂದಿರಗಳಲ್ಲಿ ಬಿಟ್ಟಿತು. ಅಮೆರಿಕದಲ್ಲಿ ಬಡವರ ಪಾಡು ಏನಾಗಿದೆ ನೋಡಿ ಅಂತ ಜನರಿಗೆ ತೋರಿಸುವುದು ಅವರ ಲೆಕ್ಕ. ಅಲ್ಲಿನ ಹುಡುಗರು ನೋಡಿದ್ದು ಡ್ಯಾನ್ಸನ್ನು. ಮತ್ತೆ ಮತ್ತೆ ಟಿಕೆಟ್ ತೆಗೆದುಕೊಂಡು ಹೋಗಿ ಹೆಜ್ಜೆ ಕಲಿತರು, ಬೀದಿಯಲ್ಲಿ ಕುಣಿದರು. ಕೊನೆಗೆ ಸರ್ಕಾರವೇ ಈ ಕುಣಿತಕ್ಕೆ ಒಂದು ಅಧಿಕೃತ ಚೌಕಟ್ಟು ಹಾಕಲು ನೋಡಿತು. ಈ ಘಟನೆಯ ಮೇಲೆಯೇ 2014ರಲ್ಲಿ 'ಡೆಸ್ಸಾವ್ ಡ್ಯಾನ್ಸರ್ಸ್' ಎಂಬ ಜರ್ಮನ್ ಸಿನಿಮಾ ಬಂತು. ಹಿಪ್‌ಹಾಪ್ ಸಿನಿಮಾ ನೋಡಿ ಬದಲಾದವರ ಬಗ್ಗೆ ಇನ್ನೊಂದು ಹಿಪ್‌ಹಾಪ್ ಸಿನಿಮಾ! ಜಪಾನಿನಲ್ಲೂ ಹಾಗೆಯೇ ಆಯಿತು. 1983ರಲ್ಲಿ 'ವೈಲ್ಡ್ ಸ್ಟೈಲ್' ತಂಡವೇ ಟೋಕಿಯೋಗೆ ಹೋಗಿ ಕುಣಿದು, ಹಾಡಿ ಬಂತು. ಅಲ್ಲಿನ ಹಿಪ್‌ಹಾಪ್ ಚರಿತ್ರೆಯನ್ನು ಈಗಲೂ ಆ ಭೇಟಿಯಿಂದ ಎಣಿಸುತ್ತಾರೆ.

ನಮ್ಮ ಕಡೆಗೂ ಅದರ ಒಂದು ಅಲೆ ಬಂದು ತಾಗಿತ್ತು. ನಾನು ಚಿಕ್ಕವನಿದ್ದಾಗ ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ 'ಈಗ ಬ್ರೇಕ್ ಡ್ಯಾನ್ಸ್' ಅಂತ ಮೈಕಿನಲ್ಲಿ ಕೂಗಿದರೆ ಸಾಕು, ಹಿಂದೆ ಕೂತವರೆಲ್ಲ ಎದ್ದು ನಿಲ್ಲುತ್ತಿದ್ದರು. ಮಿಂಚುವ ಜಾಕೆಟ್ ಹಾಕಿದ ಹುಡುಗ ಬಂದು ಕೈಯಲ್ಲಿ ಅಲೆ ಎಬ್ಬಿಸುತ್ತಿದ್ದ. ಆ ಅಲೆ ಎಲ್ಲಿಂದ ಹೊರಟಿತು ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವನು ಯಾವುದೋ ವಿಡಿಯೊ ಕ್ಯಾಸೆಟ್ ನೋಡಿ ಕಲಿತಿರಬೇಕು.

ತೊಂಬತ್ತರ ದಶಕವನ್ನು ಬೇಗ ದಾಟುತ್ತೇನೆ. ಅಮೆರಿಕದಲ್ಲಿ ಆಗ ಗ್ಯಾಂಗುಗಳ, ಬಂದೂಕಿನ ಸಿನಿಮಾಗಳು ಜಾಸ್ತಿ ಬಂದವು. ಒಳ್ಳೆಯವೂ ಇದ್ದವು. ಆದರೆ ಇವತ್ತಿನ ಪ್ರಶ್ನೆಗೆ ಉತ್ತರ ಕೊಟ್ಟಿದ್ದು ಫ್ರಾನ್ಸಿನ ಒಂದು ಸಿನಿಮಾ. 1995ರ 'ಲಾ ಏನ್', ಅಂದರೆ ದ್ವೇಷ. ನಿರ್ದೇಶಕ ಮ್ಯಾಥ್ಯೂ ಕಸೊವಿಟ್ಸ್. ಪ್ಯಾರಿಸ್ ಹೊರವಲಯದ ವಸತಿ ಕಟ್ಟಡಗಳಲ್ಲಿ ಬೆಳೆದ ಮೂವರು ಹುಡುಗರ ಒಂದು ದಿನ. ಅವರಲ್ಲಿ ಯಾರೂ ರ‍್ಯಾಪರ್ ಅಲ್ಲ. ಮಧ್ಯದಲ್ಲಿ ಒಬ್ಬ ಡಿಜೆ ತನ್ನ ಕೋಣೆಯ ಕಿಟಕಿಗೆ ಸ್ಪೀಕರ್ ಇಡುತ್ತಾನೆ. ಪೊಲೀಸರನ್ನು ಬೈಯುವ ರ‍್ಯಾಪ್ ಜೊತೆಗೆ ಎಡಿತ್ ಪಿಯಾಫ್ ಅವರ ಹಳೆಯ ಹಾಡನ್ನು ಬೆರೆಸುತ್ತಾನೆ. ಆ ಪಾತ್ರದಲ್ಲಿ ಇರುವುದು ಕಟ್ ಕಿಲ್ಲರ್ ಎಂಬ ನಿಜವಾದ ಡಿಜೆ. ಕ್ಯಾಮೆರಾ ಮೊದಲು ಅವರ ಕೈ ನೋಡುತ್ತದೆ. ಆಮೇಲೆ ಮೇಲಕ್ಕೆ ಹಾರಿ, ಆ ಕಟ್ಟಡಗಳ ನಡುವೆ ಹಾಡಿನ ಜೊತೆಗೇ ತೇಲುತ್ತದೆ. ಫ್ರಾನ್ಸಿನ ಹೆಮ್ಮೆಯ ಗಾಯಕಿಯ ದನಿ ಮತ್ತು ಆ ದೇಶ ದೂರ ಇಟ್ಟ ಮಕ್ಕಳ ದನಿ ಒಂದೇ ತಾಳದಲ್ಲಿ! ಇಡೀ ಸಿನಿಮಾದ ಮಾತು ಆ ಒಂದೆರಡು ನಿಮಿಷದಲ್ಲಿದೆ.

ಈಗ ನಿಮ್ಮಲ್ಲಿ ಹೆಚ್ಚಿನವರು ನೋಡಿರುವ '8 ಮೈಲ್'ಗೆ ಬರೋಣ. 2002ರ ಚಿತ್ರ, ಕರ್ಟಿಸ್ ಹ್ಯಾನ್ಸನ್ ನಿರ್ದೇಶನ, ಎಮಿನೆಮ್ ನಾಯಕ. ಕಥೆ ನಡೆಯುವುದು 1995ರ ಡೆಟ್ರಾಯಿಟ್‌ನಲ್ಲಿ. 8 ಮೈಲ್ ಅನ್ನುವುದು ಒಂದು ರಸ್ತೆಯ ಹೆಸರು. ಅದರ ಈಚೆಗೆ ಕಪ್ಪು ಜನ ಹೆಚ್ಚಿರುವ ನಗರ, ಆಚೆಗೆ ಬಿಳಿಯರು ಹೆಚ್ಚಿರುವ ಹೊರವಲಯ. ನಾಯಕ ರ‍್ಯಾಬಿಟ್ ಕಾರ್ಖಾನೆಯಲ್ಲಿ ಕೆಲಸ ಮಾಡುವ ಬಿಳಿಯ ಹುಡುಗ. ತಾಯಿ ಜೊತೆ ಚಕ್ರದ ಮೇಲಿನ ಟ್ರೇಲರ್ ಮನೆಯಲ್ಲಿ ವಾಸ.

ಎಲ್ಲರಿಗೂ ನೆನಪಿರುವುದು ಕೊನೆಯ ರ‍್ಯಾಪ್ ಪಂದ್ಯ. ಅದಕ್ಕೂ ಮುಂಚೆ ಬಸ್ಸಿನ ದೃಶ್ಯ ನೆನಪು ಮಾಡಿಕೊಳ್ಳಿ. ಕಿಟಕಿ ಪಕ್ಕ ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಮುದುಡಿದ ಹಾಳೆಯಲ್ಲಿ ಸಣ್ಣ ಅಕ್ಷರದಲ್ಲಿ ಏನೋ ಗೀಚುತ್ತಾನೆ. ಸಾಲು ನೇರ ಇಲ್ಲ. ಹಾಳೆಯ ಯಾವ ಮೂಲೆ ಖಾಲಿ ಇದೆಯೋ ಅಲ್ಲಿ ಬರೆಯುತ್ತಾನೆ. ಪ್ರಾಸ ಸಿಕ್ಕಿದ ತಕ್ಷಣ ಹಿಡಿದಿಡಬೇಕು, ಇಲ್ಲದಿದ್ದರೆ ಹೋಗಿಬಿಡುತ್ತದೆ ಅನ್ನುವ ಆತುರ ಆ ಕೈಯಲ್ಲಿದೆ. ಈ ಚಿತ್ರದ 'ಲೂಸ್ ಯುವರ್‌ಸೆಲ್ಫ್' ಹಾಡನ್ನು ಎಮಿನೆಮ್ ಬರೆದದ್ದು ಕೂಡ ಹಾಗೆಯೇ, ಶೂಟಿಂಗ್ ನಡುವಿನ ಬಿಡುವಿನಲ್ಲಿ. 2003ರಲ್ಲಿ ಅದಕ್ಕೆ ಆಸ್ಕರ್ ಬಂತು. ರ‍್ಯಾಪ್ ಹಾಡಿಗೆ ಆ ಪ್ರಶಸ್ತಿ ಬಂದಿದ್ದು ಅದೇ ಮೊದಲು.

ಇನ್ನು ಪಂದ್ಯ. ಉತ್ತರ ಕರ್ನಾಟಕದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹರದೇಶಿ-ನಾಗೇಶಿ ಹಾಡಿಕೆ ಕೇಳಿದ್ದೀರಲ್ವಾ? ಒಂದು ಮೇಳ ಗಂಡು ಹೆಚ್ಚು ಅಂತ ಹಾಡುತ್ತದೆ, ಇನ್ನೊಂದು ಹೆಣ್ಣು ಹೆಚ್ಚು ಅಂತ. ಒಬ್ಬರು ಸವಾಲು ಹಾಕಿದರೆ ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. ಜವಾಬು ಹೊಳೆಯದಿದ್ದರೆ ಕೂತ ಜನರೇ ತೀರ್ಪು ಕೊಡುತ್ತಾರೆ. ಡೆಟ್ರಾಯಿಟ್‌ನಲ್ಲಿ ಆ ಪಂದ್ಯ ನಡೆಯುವ ನೆಲಮಾಳಿಗೆಯಲ್ಲೂ ಜನರದೇ ತೀರ್ಪು. ವ್ಯತ್ಯಾಸ ಇಷ್ಟೇ, ಅಲ್ಲಿ ಎದುರಿಗೆ ನಿಂತವನ ಬದುಕನ್ನೇ ಹರಾಜು ಹಾಕಬೇಕು. ರ‍್ಯಾಬಿಟ್ ಏನು ಮಾಡುತ್ತಾನೆ ನೋಡಿ. ಮೊದಲು ಹಾಡುವ ಸರದಿ ಅವನದು. ಎದುರಾಳಿ ಪಾಪಾ ಡಾಕ್ ತನ್ನ ಬಗ್ಗೆ ಏನೇನು ಹೇಳಬಹುದೋ ಅದನ್ನೆಲ್ಲ ತಾನೇ ಹೇಳಿಬಿಡುತ್ತಾನೆ. ಹೌದು, ನಾನು ಬಿಳಿಯ. ಹೌದು, ಟ್ರೇಲರಿನಲ್ಲಿ ಅಮ್ಮನ ಜೊತೆ ಇದ್ದೇನೆ. ಹೌದು, ನನ್ನ ಹುಡುಗಿ ನನಗೆ ಮೋಸ ಮಾಡಿದಳು. ಕೊನೆಗೆ ಪಾಪಾ ಡಾಕ್ ದುಬಾರಿ ಖಾಸಗಿ ಶಾಲೆಯಲ್ಲಿ ಓದಿದವನು ಅನ್ನುವುದನ್ನು ಬಯಲು ಮಾಡುತ್ತಾನೆ. ಪಾಪಾ ಡಾಕ್ ಕೈಗೆ ಮೈಕ್ ಬರುತ್ತದೆ. ಬಾಯಿಗೆ ಮಾತು ಬರುವುದಿಲ್ಲ. ಹಾಡಲು ಏನೂ ಉಳಿದಿಲ್ಲ.

ಗೆದ್ದ ಮೇಲೆ ರ‍್ಯಾಬಿಟ್ ಪಾರ್ಟಿಗೆ ಹೋಗುವುದಿಲ್ಲ. ಕಾರ್ಖಾನೆಯಲ್ಲಿ ಶಿಫ್ಟ್ ಬಾಕಿ ಇದೆ ಅಂತ ಕತ್ತಲ ಓಣಿಯಲ್ಲಿ ನಡೆದು ಹೋಗುತ್ತಾನೆ. ಅಲ್ಲಿಗೇ ಸಿನಿಮಾ ಮುಗಿಯುತ್ತದೆ. ಆ ನಿರ್ದೇಶಕನ ಸಂಯಮಕ್ಕೆ ನಾನು ಕೈ ಮುಗಿಯುತ್ತೇನೆ.

ಹಾಡು ಕಟ್ಟುವುದನ್ನು ಇನ್ನೂ ಹತ್ತಿರದಿಂದ ತೋರಿಸಿದ್ದು 2005ರ 'ಹಸಲ್ ಆ್ಯಂಡ್ ಫ್ಲೋ'. ಮೆಂಫಿಸ್ ನಗರ, ಸುಡುವ ಬೇಸಿಗೆ. ನಾಯಕ ಡಿಜೆ ಎಂಬ ಹೆಸರಿನ ತಲೆಹಿಡುಕ. ಅವನನ್ನು ಮೆಚ್ಚಿಕೊಳ್ಳುವುದು ಕಷ್ಟ, ಸಿನಿಮಾ ಕೂಡ ಅವನ ತಪ್ಪುಗಳನ್ನು ಸ್ವಲ್ಪ ಹಗುರ ಮಾಡಿಬಿಡುತ್ತದೆ. ಅದು ನನಗೆ ಹಿಡಿಸಲಿಲ್ಲ. ಆದರೆ ಅವನ ಮನೆಯ ಕೋಣೆಯನ್ನೇ ಸ್ಟುಡಿಯೊ ಮಾಡುವ ಭಾಗ ಇದೆಯಲ್ಲ, ಅದಕ್ಕೆ ಸಾಟಿ ಇಲ್ಲ. ಹೊರಗಿನ ಸದ್ದು ತಡೆಯಲು ಗೋಡೆಗೆ ರಟ್ಟಿನ ತಟ್ಟೆಗಳನ್ನು ಬಡಿಯುತ್ತಾರೆ. ಎಲ್ಲರೂ ಬೆವರಿನಲ್ಲಿ ತೊಯ್ದಿದ್ದಾರೆ. ಚರ್ಚಿನಲ್ಲಿ ಪಿಯಾನೊ ನುಡಿಸುವ ಹುಡುಗ ತಾಳ ಹಾಕುತ್ತಾನೆ. ಶಗ್ ಎಂಬ ಹೆಂಗಸಿಗೆ ಪಲ್ಲವಿ ಹಾಡಲು ಹೇಳುತ್ತಾರೆ. ಮೊದಲ ಸಲ ದನಿಯೇ ಹೊರಡುವುದಿಲ್ಲ. ಮತ್ತೆ ಹಾಡಿಸುತ್ತಾರೆ, ಮತ್ತೆ. ಆಮೇಲೆ ಒಮ್ಮೆ ದನಿ ಬಿಚ್ಚಿಕೊಳ್ಳುತ್ತದೆ. ತನ್ನೊಳಗೆ ಇಂಥ ದನಿ ಇತ್ತು ಅಂತ ಆಗಷ್ಟೇ ತಿಳಿದವಳ ಮುಖ ನೋಡಿ. ತರಾಜಿ ಪಿ. ಹೆನ್ಸನ್ ಆ ಪಾತ್ರ ಮಾಡಿದವರು. ಇದರ ಹಾಡಿಗೂ 2006ರಲ್ಲಿ ಆಸ್ಕರ್ ಬಂತು. ಈ ಚಿತ್ರಕ್ಕೆ ಸ್ಟುಡಿಯೊಗಳು ದುಡ್ಡು ಹಾಕಲು ಒಪ್ಪದಿದ್ದಾಗ ಇನ್ನೊಬ್ಬ ನಿರ್ದೇಶಕ ಜಾನ್ ಸಿಂಗಲ್‌ಟನ್ ಸ್ವಂತ ಹಣ ಹಾಕಿ ನಿರ್ಮಿಸಿದರು.

2015ರ 'ಸ್ಟ್ರೈಟ್ ಔಟ್ಟಾ ಕಾಂಪ್ಟನ್' ಎನ್.ಡಬ್ಲ್ಯೂ.ಎ. ಎಂಬ ರ‍್ಯಾಪ್ ತಂಡದ ಕಥೆ. ಅದರಲ್ಲೂ ಒಂದು ಒಳ್ಳೆಯ ದೃಶ್ಯ ಇದೆ. ಹಾಡಿ ಗೊತ್ತೇ ಇಲ್ಲದ ಈಜಿ-ಇಗೆ ಅದೇ ತಂಡದ ಡಾ. ಡ್ರೆ ಒಂದೊಂದೇ ಸಾಲು ಹೇಳಿಸಿ ರೆಕಾರ್ಡ್ ಮಾಡಿಸುತ್ತಾರೆ. ಆದರೆ ಈ ಸಿನಿಮಾ ಒಂದು ವಿಷಯ ಮುಚ್ಚಿಟ್ಟಿತು, ಅದನ್ನು ಇಲ್ಲಿ ಹೇಳಲೇಬೇಕು. 1991ರಲ್ಲಿ ಪತ್ರಕರ್ತೆ ಡೀ ಬಾರ್ನ್ಸ್ ಮೇಲೆ ಡ್ರೆ ಹಲ್ಲೆ ಮಾಡಿದ್ದರು. ಚಿತ್ರದಲ್ಲಿ ಅದರ ಸುಳಿವಿಲ್ಲ. ಬಿಡುಗಡೆಯಾದ ಮೇಲೆ ಪ್ರಶ್ನೆಗಳು ಎದ್ದಾಗ ಡ್ರೆ ತಾನು ನೋಯಿಸಿದ ಹೆಂಗಸರ ಕ್ಷಮೆ ಕೇಳಿದರು. ತಮ್ಮ ಕಥೆಗೆ ತಾವೇ ನಿರ್ಮಾಪಕರಾದಾಗ ಇಂಥದ್ದು ಆಗುತ್ತದೆ. ಹೆಂಗಸರ ಕಡೆಯಿಂದ ನೋಡಬೇಕು ಅಂದರೆ 2017ರ 'ರೊಕ್ಸಾನ್ ರೊಕ್ಸಾನ್' ನೋಡಿ. 1984ರಲ್ಲಿ 14 ವರ್ಷದ ಹುಡುಗಿ ರೊಕ್ಸಾನ್ ಶಾಂಟೆ ಗಂಡಸರ ತಂಡವೊಂದರ ಹಾಡಿಗೆ ಕೊಟ್ಟ ಜವಾಬು ಇಡೀ ನ್ಯೂಯಾರ್ಕನ್ನು ಅಲ್ಲಾಡಿಸಿತು. ಆಮೇಲೆ ಅವಳು ಪಟ್ಟ ಪಾಡನ್ನು ಈ ಸಿನಿಮಾ ಬಣ್ಣ ಹಚ್ಚದೆ ಹೇಳುತ್ತದೆ.

'ಗಲ್ಲಿ ಬಾಯ್' ಬಗ್ಗೆ ಕೇಳಲು ಕಾಯುತ್ತಿದ್ದೀರಿ ಅಂತ ಗೊತ್ತು. ಜೋಯಾ ಅಖ್ತರ್ ನಿರ್ದೇಶನ, 2019. ಮುಂಬೈಯ ರ‍್ಯಾಪರ್‌ಗಳಾದ ನೇಝಿ ಮತ್ತು ಡಿವೈನ್ ಬದುಕಿನಿಂದ ಸ್ಫೂರ್ತಿ ಪಡೆದ ಕಥೆ. ನೇಝಿ ತನ್ನ ಮೊದಲ ಹಾಡನ್ನು ಐಪ್ಯಾಡ್ ಒಂದರಲ್ಲೇ ತಯಾರಿಸಿದವರು. ಚಿತ್ರದ ಮುರಾದ್ ಧಾರಾವಿಯ ಹುಡುಗ, ಶ್ರೀಮಂತರ ಮನೆಗೆ ಕಾರು ಓಡಿಸುತ್ತಾನೆ. ಒಂದು ರಾತ್ರಿ ಯಜಮಾನರ ಮಗಳು ಹಿಂದಿನ ಸೀಟಿನಲ್ಲಿ ಅಳುತ್ತಾ ಕೂತಿದ್ದಾಳೆ. ಸಮಾಧಾನ ಹೇಳಲು ಅವನಿಗೆ ಆಗುವುದಿಲ್ಲ. ಎರಡು ಸೀಟಿನ ನಡುವೆ ಇರುವುದು ಒಂದು ಮೊಳ. ಆ ಒಂದು ಮೊಳವನ್ನು ಈ ಜನ್ಮದಲ್ಲಿ ದಾಟಲು ಬರುವುದಿಲ್ಲ ಅಂತ ಅವನಿಗೆ ಗೊತ್ತು. ಆಮೇಲೆ ಅದೇ ದೂರದ ಬಗ್ಗೆ ಪದ ಕಟ್ಟುತ್ತಾನೆ. ಆ ಹುಡುಗನ ಹಾಡು ಎಲ್ಲಿಂದ ಬರುತ್ತದೆ ಅಂತ ಇದಕ್ಕಿಂತ ಚೆನ್ನಾಗಿ ಹೇಳಲು ಆಗುವುದಿಲ್ಲ. ಕೊನೆಯ ಗೆಲುವು ಮಾತ್ರ ನನಗೆ ತೀರಾ ಸಲೀಸು ಅನ್ನಿಸಿತು. ಬೀದಿಯ ಸಿಟ್ಟನ್ನೂ ಚಿತ್ರ ಸ್ವಲ್ಪ ನುಣುಪು ಮಾಡಿದೆ.

ಇಲ್ಲೊಂದು ನಂಟು ಹೇಳಿ ಮುಂದೆ ಹೋಗುತ್ತೇನೆ. ಈ ಚಿತ್ರಕ್ಕೆ ಕಾರ್ಯಕಾರಿ ನಿರ್ಮಾಪಕರಾಗಿ ಹೆಸರು ಕೊಟ್ಟವರು ನ್ಯೂಯಾರ್ಕಿನ ರ‍್ಯಾಪರ್ ನ್ಯಾಸ್. ಅವರ 1994ರ ಮೊದಲ ಆಲ್ಬಂ 'ಇಲ್‌ಮ್ಯಾಟಿಕ್' ಶುರುವಾಗುವುದೇ 'ವೈಲ್ಡ್ ಸ್ಟೈಲ್' ಚಿತ್ರದ ಧ್ವನಿ ತುಣುಕಿನಿಂದ. ಬ್ರಾಂಕ್ಸ್‌ನಿಂದ ಧಾರಾವಿಗೆ ಒಂದು ದಾರ ಹೀಗೆ ಎಳೆದುಕೊಂಡು ಬಂದಿದೆ.

ಕನ್ನಡದವರಾದ ನಮಗೆ ಎಲ್ಲಕ್ಕಿಂತ ಜಾಸ್ತಿ ತಾಗಬೇಕಾದ ಸಿನಿಮಾವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. 2024ರ 'ನೀಕ್ಯಾಪ್'. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಐರಿಷ್ ಭಾಷೆಯಲ್ಲಿ ರ‍್ಯಾಪ್ ಮಾಡುವ ಅದೇ ಹೆಸರಿನ ಮೂವರ ತಂಡದ ಕಥೆ. ತಮ್ಮ ಪಾತ್ರಗಳನ್ನು ಅವರೇ ಮಾಡಿದ್ದಾರೆ. ನಿರ್ದೇಶಕ ರಿಚ್ ಪೆಪ್ಪಿಯಾಟ್. ಬೈಗುಳ, ಮಾದಕವಸ್ತು ಎಲ್ಲ ಧಾರಾಳವಾಗಿದೆ, ಮಕ್ಕಳ ಜೊತೆ ಕೂತು ನೋಡುವ ಸಿನಿಮಾ ಅಲ್ಲ.

ಪೊಲೀಸರು ಒಬ್ಬ ಹುಡುಗನನ್ನು ಹಿಡಿದು ಕೂರಿಸಿದ್ದಾರೆ. ಅವನು ಇಂಗ್ಲಿಷ್ ಮಾತಾಡಲು ಒಪ್ಪುವುದಿಲ್ಲ. ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ, ಆದರೂ ಐರಿಷ್‌ನಲ್ಲೇ ಉತ್ತರ ಕೊಡುತ್ತಾನೆ. ಪೊಲೀಸರು ಅನುವಾದ ಮಾಡಲು ಒಬ್ಬ ಐರಿಷ್ ಮೇಷ್ಟ್ರನ್ನು ಕರೆಸುತ್ತಾರೆ. ಮೇಷ್ಟ್ರ ಕೈಗೆ ಹುಡುಗನ ನೋಟ್‌ಬುಕ್ ಸಿಗುತ್ತದೆ. ಅದರ ತುಂಬ ರ‍್ಯಾಪ್ ಸಾಲುಗಳು. ತರಗತಿಯಲ್ಲಿ ತಾನು ಪಾಠ ಮಾಡುವ, ಮಕ್ಕಳು ಆಕಳಿಸುತ್ತಾ ಕೇಳುವ ಅದೇ ಭಾಷೆ ಇಲ್ಲಿ ಬೀದಿ ಹುಡುಗನ ಬಾಯಲ್ಲಿ ಜೀವ ಪಡೆದಿದೆ. ಮೇಷ್ಟ್ರು ಆ ಹುಡುಗನನ್ನೂ ಅವನ ಗೆಳೆಯನನ್ನೂ ತನ್ನ ಗ್ಯಾರೇಜಿಗೆ ಕರೆದು ತಾಳ ಹಾಕಿಕೊಡುತ್ತಾರೆ. ಶಾಲೆಯವರಿಗೆ ಗುರುತು ಸಿಗಬಾರದು ಅಂತ ಮುಖಕ್ಕೆ ಐರ್ಲೆಂಡ್ ಧ್ವಜದ ಬಣ್ಣದ ಮುಸುಕು ಹಾಕಿಕೊಂಡು ವೇದಿಕೆ ಹತ್ತುತ್ತಾರೆ. ಹಾಡುವಾಗ ಆ ನೋಟ್‌ಬುಕ್ಕಿನ ಗೀಚು ಅಕ್ಷರಗಳು ಪರದೆಯ ಮೇಲೆಲ್ಲ ಓಡಾಡುತ್ತವೆ.

ಆ ಹುಡುಗನ ಹಟದ ಹಿಂದೆ ಹಳೆಯ ನೋವಿದೆ. ಐರ್ಲೆಂಡಿನ ಕೋರ್ಟುಗಳಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಬಳಸಬಾರದು ಅಂತ 1737ರಲ್ಲಿ ಒಂದು ಕಾನೂನು ಬಂದಿತ್ತು. ಉತ್ತರ ಐರ್ಲೆಂಡಿನಲ್ಲಿ ಅದು ಹೋಗಿದ್ದು, ಐರಿಷ್‌ಗೆ ಅಧಿಕೃತ ಮನ್ನಣೆ ಸಿಕ್ಕಿದ್ದು 2022ರ ಕಾನೂನಿನಿಂದ. ಇಷ್ಟು ಹೊತ್ತು ಕಾದ ಭಾಷೆಯಲ್ಲಿ ಹೊಸ ಕಾಲದ ಬೀದಿ ಮಾತಿಗೆ ಪದಗಳೇ ಸಾಲುತ್ತಿರಲಿಲ್ಲ. ಈ ಹುಡುಗರು ತಾವೇ ಹುಟ್ಟಿಸಿದರು. ನಶ್ಯಕ್ಕೆ ಇದ್ದ ಹಳೆಯ ಐರಿಷ್ ಪದವನ್ನು ಎತ್ತಿಕೊಂಡು ಕೊಕೇನ್‌ಗೆ ಇಟ್ಟರು. ಆ ವಸ್ತು ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಒಂದು ಭಾಷೆ ಮ್ಯೂಸಿಯಂನಿಂದ ಎದ್ದು ಬೀದಿಗೆ ಬರುವಾಗ ಹೀಗೆಯೇ ಬರುತ್ತದೆ, ಕೊಳೆ ಮೆತ್ತಿಕೊಂಡು ಬರುತ್ತದೆ.

ನಮ್ಮಲ್ಲಿ ಕನ್ನಡ ರ‍್ಯಾಪ್ ಇದೆ. ಆಲ್ ಓಕೆ, ಚಂದನ್ ಶೆಟ್ಟಿ, ರಾಹುಲ್ ಡಿಟ್ಟೊ, ಎಂ.ಸಿ. ಬಿಜ್ಜು ಇದ್ದಾರೆ, ಇನ್ನೂ ಎಷ್ಟೋ ಹುಡುಗ ಹುಡುಗಿಯರು ಬರುತ್ತಿದ್ದಾರೆ. ಆದರೆ ಕನ್ನಡ ಸಿನಿಮಾ ರ‍್ಯಾಪನ್ನು ಕರೆಯುವುದು ಹೆಚ್ಚಾಗಿ ನಾಯಕನ ಎಂಟ್ರಿಗೆ, ಅಥವಾ ಹಾಡಿನ ಮಧ್ಯೆ ನಾಲ್ಕು ಸಾಲಿಗೆ. ಆ ನಾಲ್ಕು ಸಾಲು ಕಟ್ಟಿದವರು ಎಲ್ಲಿ ಕೂತು ಕಟ್ಟಿದರು? ಮೆಜೆಸ್ಟಿಕ್‌ಗೆ ಹೋಗುವ ಬಸ್ಸಿನಲ್ಲೋ, ಪಿ.ಜಿ. ರೂಮಿನಲ್ಲೋ, ಹುಬ್ಬಳ್ಳಿಯ ಯಾವುದೋ ಚಹಾ ಅಂಗಡಿಯಲ್ಲೋ? 'ಹೌದಲ್ಲೋ'ಗೂ 'ಹೌದಲ್ವಾ'ಗೂ ಪ್ರಾಸ ಹಾಕುವಾಗ ಅವರ ಬೆರಳು ಹೇಗೆ ತಾಳ ಹಾಕುತ್ತದೆ? ನನಗೆ ಅದನ್ನು ನೋಡಬೇಕು. ಸಿನಿಮಾ ಮಾಡುವ ಹುಡುಗರು ಈ ಸಭೆಯಲ್ಲಿ ಇದ್ದರೆ ಅವರಲ್ಲಿ ಇದೊಂದು ಕೋರಿಕೆ.

ಇನ್ನೊಂದು ತುಣುಕು ತೋರಿಸಿ ನನ್ನ ಮಾತು ನಿಲ್ಲಿಸುತ್ತೇನೆ. ಮತ್ತೆ 'ವೈಲ್ಡ್ ಸ್ಟೈಲ್'. ಡಬಲ್ ಟ್ರಬಲ್ ಅಂತ ಇಬ್ಬರ ತಂಡ. ಒಂದು ಮನೆಯ ಮುಂದಿನ ಮೆಟ್ಟಿಲು. ಡಿಜೆ ಇಲ್ಲ, ಮೈಕ್ ಇಲ್ಲ, ತಾಳದ ಯಂತ್ರವೂ ಇಲ್ಲ. ಒಬ್ಬನ ಸಾಲು ಮುಗಿಯುವ ಮುಂಚೆಯೇ ಇನ್ನೊಬ್ಬ ಅದನ್ನು ಎತ್ತಿಕೊಳ್ಳುತ್ತಾನೆ. ಅವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಅಂತ ಗಮನಿಸಿ. ಹಿಂದೆ ಕೂತವರು ಸ್ವಲ್ಪ ಆ ಲೈಟ್ ಆರಿಸಿ.